ಫ್ರಿಜ್ಜಿನೊಳಗಿನ ಕಾಶ್ಮೀರ
ಅಲ್ಲಾಳಸಂದ್ರದ ನಮ್ಮ ಬೀದಿಯ ಮುನಿಯಲ್ಲಪ್ಪನವರು ಟ್ಯುಲಿಪ್ ಭಕ್ತರು. ಹಾಲೆಂಡಿನವರು ಒಂದು ಕಾಲದಲ್ಲಿ ಒಂದೇ ಗೆಡ್ಡೆಗಾಗಿ ಮನೆ ಮಾರಿಕೊಂಡರಂತೆ ಎಂದು ಹಾಲಿಗೆ ಹೊರಟವರನ್ನೂ ನಿಲ್ಲಿಸಿ ಹೇಳುತ್ತಾರೆ. ಈರುಳ್ಳಿಯಂಥ ಆ ಗೆಡ್ಡೆ ಹೂ ಬಿಡಬೇಕಾದರೆ ಹನ್ನೆರಡು ವಾರ ಚಳಿ ಬೇಕು. ನಮ್ಮೂರಲ್ಲಿ ಅಷ್ಟು ಚಳಿ ಇರುವುದು ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ಮಾತ್ರ; ಗೆಡ್ಡೆಗಳ ವಾಸವೂ ಅಲ್ಲೇ. ಸೊಸೆ ಬಾಗಿಲು ತೆಗೆದರೆ, "ಮೆಲ್ಲಗೆ ಕಣಮ್ಮ, ಮಲ್ಕಂಡವೆ," ಎನ್ನುತ್ತಾರೆ. ಕಾಶ್ಮೀರದ ಟ್ಯುಲಿಪ್ ತೋಟ ನೋಡಬೇಕೆಂದಿದ್ದ ಹೆಂಡತಿ ದ್ರೌಪದಮ್ಮ ಈಗ ಹಾಸಿಗೆಯಿಂದ ಏಳಲಾರರು. ಅದಕ್ಕೇ ಅವರ ಕಿಟಕಿಯಲ್ಲಿ ಆರು ಕುಂಡ. ಈ ಸಲವೂ ಬಂದದ್ದು ಬರೀ ಎಲೆ. ಪಕ್ಕದಲ್ಲಿ ಸೇಬಿದ್ದರೆ ಅದರ ಗಾಳಿಗೆ ಗೆಡ್ಡೆಯೊಳಗೇ ಮೊಗ್ಗು ಸಾಯುತ್ತದೆಂದು ನರ್ಸರಿಯವನು ಮೊನ್ನೆ ಹೇಳಿದನಂತೆ. ಕಾಯಿಲೆಯವರನ್ನು ಬರಿಗೈಲಿ ನೋಡಬಾರದೆಂದು ಬೀದಿಯವರೆಲ್ಲ ಒಯ್ದದ್ದು ಸೇಬನ್ನೇ. ಅವೆಲ್ಲ ಸೇರಿದ್ದು ಅದೇ ಡಬ್ಬಿಯನ್ನು. ಎಲ್ಲರಿಗಿಂತ ದೊಡ್ಡ ಚೀಲ ನನ್ನದು. "ಹೊಸ ಗೆಡ್ಡೆ ತರಿಸೋಣ ಬಿಡಿ," ಎಂದೆ. "ಹನ್ನೆರಡು ವಾರ ಬೇಕಲ್ಲ ಸ್ವಾಮಿ," ಎಂದರು ಮೆಲ್ಲಗೆ, "ಡಾಕ್ಟ್ರು ಇವಳ್ಗೆ ಆರು ಅಂದವ್ರೆ." ಅಷ್ಟರಲ್ಲಿ ಒಳಗಿನಿಂದ ದ್ರೌಪದಮ್ಮನವರ ದನಿ: "ಯಾರು ಬಂದಿರಾದು? ಒಂದು ಸೇಬು ಹೆಚ್ಕೊಡಿ ಅವ್ರಿಗೆ." ಮುನಿಯಲ್ಲಪ್ಪನವರು ಹೆಚ್ಚಿ ತಂದರು. ನಾನು ತಿಂದೆ.