ಏಳು ಗಂಟಿನ ಕಂಬಳಿ

ಚೊಚ್ಚಲ ಹೆರಿಗೆಗೆಂದು ನಾನು ಸಿರುಗುಪ್ಪದ ಗಂಡನ ಮನೆಯಿಂದ ಕುರುಗೋಡಿನ ತವರಿಗೆ ಬಂದಾಗ ಅಪ್ಪ ಆಗಲೇ ಮಗ್ಗಕ್ಕೆ ನೂಲು ಹೂಡಿದ್ದ. ಹುಟ್ಟುವ ಕೂಸಿನ ತೊಟ್ಟಿಲಿಗೆ ಕಂಬಳಿ. ನೂಲು ಅವ್ವನದು. ಕುರಿಮರಿಗಳ ಮೊದಲ ಕತ್ತರಿಯ ಉಣ್ಣೆ ಮೆತ್ತಗಿರುತ್ತದೆಂದು ಅದನ್ನೇ ಆರಿಸಿ, ನೂತು, ಉಂಡೆ ಕಟ್ಟಿಟ್ಟು ಹಿಂದಿನ ವರ್ಷ ಅವ್ವ ತೀರಿಕೊಂಡಿದ್ದಳು. ಇದ್ದದ್ದು ಒಂದೇ ಕಂಬಳಿಗಾಗುವಷ್ಟು.

ಅಪ್ಪನ ಕಣ್ಣಿನ ನರ ಸೊರಗಿದೆ, ಹೋದ ನೋಟ ಮರಳುವುದಿಲ್ಲ ಎಂದು ಬಳ್ಳಾರಿಯ ಡಾಕ್ಟರು ಹೇಳಿಬಿಟ್ಟಿದ್ದರು. "ಎಳಿ ಕಾಣದ ದಿನ ಮಗ್ಗ ಬಿಚ್ಚಿ ಅಟ್ಟಕ್ಕ ಹಾಕ್ತೀನಿ, ಅರ್ಧ ಆಗಿದ್ರೂ ಸೈ" ಅಂದಿದ್ದ ಅಪ್ಪ. ಹೇಳಿದ್ದನ್ನು ಮಾಡಿಯೇ ತೀರುವ ಮನುಷ್ಯ ಅವನು.

ನಾನು ಬಂದ ಮರುದಿನವೇ ಕರಿ ಎಳೆಗಳ ನಡುವೆ ಒಂದು ಹರಿಯಿತು. ಅಪ್ಪನ ಬೆರಳು ಅದರ ತುದಿಗಾಗಿ ತಡಕಾಡಿ, ಸಿಗದೆ, ಸುಮ್ಮನಾಯಿತು. "ಚಾ ಕುಡದು ಬರ್ತೀನಿ" ಎಂದು, ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಣಿಯಿಂದ ಎದ್ದು ಹೊರಟ. ಬಂದವನೇ ಮಗ್ಗ ಬಿಚ್ಚಿಬಿಡುತ್ತಾನೆ ಅನ್ನಿಸಿತು. ಮೊಬೈಲಿನ ಟಾರ್ಚು ಹಚ್ಚಿ, ಹೊಟ್ಟೆ ಹಿಡಿದುಕೊಂಡು ಬಗ್ಗಿ, ಎರಡೂ ತುದಿ ಹುಡುಕಿ ಗಂಟು ಹಾಕಿದೆ. ನಮ್ಮ ಮನೆಯಲ್ಲಿ ಹೆಂಗಸರು ನೂಲುತ್ತಾರೆ, ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿ ಕಾಯಿಸುತ್ತಾರೆ, ಮಗ್ಗದ ಕೆಲಸಕ್ಕೆ ಕೂರುವುದಿಲ್ಲ. ಹರಿದ ಎಳೆಗೆ ಏನು ಮಾಡಬೇಕೆಂದು ನನಗೇನು ಗೊತ್ತು? ಸೀರೆಯ ಕುಚ್ಚಿಗೆ ಹಾಕುವ ಗಂಟನ್ನೇ ಹಾಕಿದೆ.

ಅಪ್ಪ ಬಂದು ಕೂತ, ಲಾಳಿ ಎಸೆದ, ನೇಯ್ಗೆ ಮುಂದುವರಿಸಿದ. ಗೆದ್ದೆ ಅನ್ನಿಸಿತು.

ಆಮೇಲೆ ಎಳೆ ಹರಿದಾಗಲೆಲ್ಲ ಇದೇ ಆಟ. ಅಪ್ಪ ಚಾಕ್ಕೆ ಹೋಗುವುದು, ನಾನು ಗಂಟು ಹಾಕುವುದು. ಅದು ನನಗೆ ಅನುಕೂಲವೇ ಆದರೂ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. "ಎಷ್ಟು ಚಾ ಕುಡಿತೀಯಪ್ಪಾ, ಪಿತ್ತ ಆಕ್ಕೈತಿ" ಎಂದು ಬೈದೇ ಬೈದೆ. ಅವನು ನಕ್ಕು, ಟವೆಲ್ಲು ಹೆಗಲಿಗೇರಿಸಿ ಹೋಗಿಬಿಡುತ್ತಿದ್ದ.

ನನಗೆ ಎಂಟು ತಿಂಗಳು ತುಂಬುವಾಗ ಕಂಬಳಿ ಮಗ್ಗದಿಂದ ಇಳಿಯಿತು. ಅಪ್ಪ ಅದನ್ನು ಅಂಗಳದ ಹೊರಸಿನ ಮೇಲೆ ಹರಡಿ, ಈ ತುದಿಯಿಂದ ಆ ತುದಿಗೆ ಅಂಗೈಯಿಂದ ಸವರಿದ.

"ಏಳು ಗಂಟು ಅದಾವ," ಅಂದ. "ಎಳಿ ಹರದ್ರ ಗಂಟು ಹಾಕಂಗಿಲ್ಲವ್ವ. ಎರಡೂ ತುದಿಗೆ ಗಂಜಿ ಹಚ್ಚಿ ಕೂಡಿಸಿ ಹೊಸಿತೀವಿ."

ನನಗೆ ಅಳು ಬಂದುಬಿಟ್ಟಿತು. ಅವ್ವನ ನೂಲನ್ನು ಕೆಡಿಸಿದೆನಲ್ಲ ಅನ್ನಿಸಿತು. "ಕೂಸಿಗೆ ಒತ್ತತಾವೇನಪ್ಪಾ?"

"ಮ್ಯಾಲೆ ನಿಮ್ಮವ್ವನ ಹಳೇ ಸೀರಿ ಹಾಸ್ತೀವಿ. ಏನೂ ಆಗಂಗಿಲ್ಲ ಬಿಡು."

"ಯಾವಾಗ ಗೊತ್ತಾತು ನಿಂಗ?"

"ಮೊದಲ್ನೇ ಗಂಟು ಕೈಗೆ ಹತ್ತಿದಾಗ್ಲೇ."

"ಗೊತ್ತಿದ್ದೂ ಅಷ್ಟು ಸಲ ಚಾ ಕುಡಿಯಾಕ ಹೋದ್ಯಾ?"

ಅಪ್ಪ ಕಂಬಳಿಯನ್ನು ಮಡಚಿ ನನ್ನ ಕೈಗಿಟ್ಟ.

"ಚಾ ಎಲ್ಲಿ ಕುಡಿದೆ? ಬೇವಿನ ಗಿಡದ ಕೆಳಗ ಕುಂತಿರ್ತಿದ್ದೆ. ಬಸುರಿ ಬಗ್ಗಿ ಮಾಡ್ತಾಳ, ಅವಸರ ಆಗಬಾರ್ದು ಅಂತ."