ದವಡೆಯಿಂದ ತೆಗೆದ ಎಲುಬು

ಇಂದಿರಾನಗರದಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದು ನನ್ನ ಹೆಂಡತಿ ಮೇಲಿನ ಎರಡು ಮುಂಬಲ್ಲು ಕಳೆದುಕೊಂಡಳು. ತೆಗೆದು ಮತ್ತೆ ಹಾಕಿಕೊಳ್ಳುವ ಕಟ್ಟಿಸಿದ ಹಲ್ಲಿನಲ್ಲೇ ಕೆಲವು ವರ್ಷ ಶಾಲೆಯಲ್ಲಿ ಪಾಠ ಮಾಡಿದಳು. ಒಂದು ದಿನ ತರಗತಿಯಲ್ಲಿ ಪದ್ಯ ಓದುವಾಗ ಅದು ಸಡಿಲವಾಗಿ ಹೊರಬಂತು. ಆಮೇಲೆ ಅವಳು ಮಕ್ಕಳೆದುರು ಗಟ್ಟಿಯಾಗಿ ಓದಲಿಲ್ಲ. ಅವಳಿಗೆ ಬೇಕಾಗಿದ್ದು ಅಲುಗಾಡದ ಹಲ್ಲು.

ಎಲುಬಿಗೆ ಲೋಹದ ತಿರುಪು ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವ ಇಂಪ್ಲಾಂಟ್ ಎನ್ನುವುದು ಆಗ ನಮಗೆ ಹೊಸ ಮಾತು. ಹಲಸೂರಿನ ಹಲ್ಲಿನ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದರು. ಹಲ್ಲಿಲ್ಲದ ಜಾಗದಲ್ಲಿ ಎಲುಬು ಸವೆದು ತೆಳುವಾಗಿತ್ತು. ತಿರುಪು ಕೂರಿಸಲು ಅದು ಸಾಲದು, ಮೊದಲು ಅಲ್ಲಿ ಎಲುಬು ತುಂಬಿ, ಅದು ಬೆರೆತು ಗಟ್ಟಿಯಾಗಲು ತಿಂಗಳುಗಟ್ಟಲೆ ಕಾಯಬೇಕು ಎಂದರು.

"ಯಾವುದರ ಎಲುಬ್ರಿ ಅದು?" ಎಂದು ಹೆಂಡತಿ ಕೇಳಿದಳು.

ಡಾಕ್ಟರು ಅವಳ ಕೊರಳಿನ ಶಿವದಾರ ನೋಡಿದರು. "ಸಾಮಾನ್ಯವಾಗಿ ದನದ್ದಮ್ಮ. ಶುದ್ಧ ಮಾಡಿ ಪುಡಿ ಮಾಡಿರ್ತಾರೆ. ಬೇಡ ಅಂದ್ರೆ ನಿಮ್ಮ ದವಡೆಯಿಂದಲೇ ತೆಗೀತೀನಿ. ಆದ್ರೆ ಎರಡು ಕಡೆ ಗಾಯ ಆಗುತ್ತೆ."

"ನಂದೇ ತಗೀರಿ."

ದವಡೆಯ ಹಿಂಭಾಗದಿಂದ ಎಲುಬು ತೆಗೆದು ಮುಂದೆ ತುಂಬಿ ಹೊಲಿಗೆ ಹಾಕಿದರು. ನೋವು ಗೊತ್ತಾಗಲಿಲ್ಲ, ಎಲುಬು ಕೆರೆಯುವ ಸದ್ದು ಮಾತ್ರ ತಲೆಯೊಳಗೆ ಕೇಳಿಸಿತು ಎಂದು ಆಮೇಲೆ ಹೇಳಿದಳು. ಕೆನ್ನೆಗೆ ಐಸು, ತಣ್ಣನೆಯ ಗಂಜಿ, ಮೊಸರು. ಜೋರಾಗಿ ಮುಕ್ಕಳಿಸಬಾರದು, ಉಗಿಯಬಾರದು. ಇಷ್ಟು ಕೇಳಿಕೊಂಡು ಕಮ್ಮನಹಳ್ಳಿಯ ಮನೆಗೆ ಬಂದೆವು.

ಮರುದಿನ ಬೆಳಿಗ್ಗೆ, ಲಿಂಗಪೂಜೆಗೆ ಕೂರುವ ಮುಂಚೆ, ಚಿಕ್ಕಂದಿನಿಂದ ಮಾಡಿದಂತೆ ಬಾಯಿ ತುಂಬ ನೀರು ತುಂಬಿಕೊಂಡು ಗಳಗಳ ಮುಕ್ಕಳಿಸಿ ಉಗಿದಳು. ಬಾಯಿ ತೊಳೆಯದೆ ಲಿಂಗ ಮುಟ್ಟುವುದು ಅವಳಿಗೆ ಗೊತ್ತೇ ಇಲ್ಲ. ಬಚ್ಚಲಲ್ಲಿ ರಕ್ತ ಹರಿಯಿತು. ರಕ್ತದಲ್ಲಿ ಬಿಳಿಯ ಸಣ್ಣ ಚೂರುಗಳಿದ್ದವು. ನಾನು ಅವಳನ್ನು ಆಟೋದಲ್ಲಿ ಮತ್ತೆ ಹಲಸೂರಿಗೆ ಕರೆದೊಯ್ದೆ.

ಡಾಕ್ಟರು ಬೈಯಲಿಲ್ಲ. ಬಿಟ್ಟುಹೋದ ಹೊಲಿಗೆಯನ್ನು ಮತ್ತೆ ಹಾಕಿದರು. ಉಳಿದ ಎಲುಬು ಸಾಕೋ ಇಲ್ಲವೋ ಈಗ ಹೇಳಲಾಗದು ಎಂದರು. ನೀರನ್ನು ಬಾಯಲ್ಲಿ ಸುಮ್ಮನೆ ಇಟ್ಟುಕೊಂಡು, ತಲೆ ಬಾಗಿಸಿ, ತಾನಾಗಿ ಸುರಿಯಲು ಬಿಡಬೇಕೆಂದು ತೋರಿಸಿಕೊಟ್ಟರು. ಅದನ್ನೇ ಮಾಡಿದಳು. ಪೂಜೆಗೆ ಇಷ್ಟು ಸಾಕೇ ಎಂದು ನಾನು ಕೇಳಿದ್ದಕ್ಕೆ, "ಶಿವ ನನ್ನ ಬಾಯಿ ಮೂಸಿ ನೋಡಾಂವಲ್ಲ ಬಿಡ್ರಿ," ಎಂದಳು.

ಊತ ಇಳಿಯಿತು. ತಿಂಗಳುಗಳು ಕಳೆದ ಮೇಲೆ ಹೊಸ ಎಕ್ಸ್‌ರೇ ಬಂತು. ಎಲುಬು ಒಂದು ಕಡೆ ಚೆನ್ನಾಗಿ ಕೂಡಿಕೊಂಡಿತ್ತು, ಇನ್ನೊಂದು ಕಡೆ ತೆಳುವಾಗೇ ಇತ್ತು. ಅಲ್ಲಿ ಮತ್ತೊಮ್ಮೆ ಎಲುಬು ತುಂಬಬಹುದು. ಇಲ್ಲವಾದರೆ ಒಂದೇ ತಿರುಪಿನ ಮೇಲೆ ಎರಡೂ ಹಲ್ಲು ಕೂರಿಸಬಹುದು, ಗಟ್ಟಿ ತಿನಿಸು ಮಾತ್ರ ಮುಂಬಲ್ಲಿನಿಂದ ಕಚ್ಚುವಂತಿಲ್ಲ ಎಂದರು.

"ಓದುವಾಗ ಅಲುಗಾಡೂದಿಲ್ಲಲ್ರಿ?"

"ಅಲುಗಾಡಲ್ಲಮ್ಮ."

ಹಾಗಾದರೆ ಒಂದೇ ತಿರುಪು ಸಾಕು ಎಂದು ಅವಳು ಕುರ್ಚಿಗೆ ಒರಗಿ ಬಾಯಿ ತೆರೆದಳು. ಇವತ್ತಲ್ಲ, ಮುಂದಿನ ವಾರ ಎಂದು ಡಾಕ್ಟರು ನಕ್ಕರು.