ಏಳನೇ ನಂಬರನ್ನು ಕೂರಿಸಿದ ಮಧ್ಯಾಹ್ನ

ಈ ಸಂಗತಿಯನ್ನು ಹೇಳಬೇಕೆಂದು ಕೂತಾಗಲೆಲ್ಲ ನನಗೆ ಬೇರೊಂದು ಕೆಲಸ ನೆನಪಾಗುತ್ತದೆ. ಕನ್ನಡಕ ಒರೆಸಬೇಕಾಗುತ್ತದೆ, ಪೆನ್ನಿಗೆ ರೀಫಿಲ್ ತರಬೇಕಾಗುತ್ತದೆ, ಸೊಸೆ ಕೇಳದಿದ್ದರೂ ಕೊತ್ತಂಬರಿ ತರಲು ಪೇಟೆಗೆ ಹೋಗಬೇಕಾಗುತ್ತದೆ. ಹೀಗೆ ಹನ್ನೆರಡು ವರ್ಷ ಮುಂದೂಡಿದ್ದೇನೆ. ಇವತ್ತು ಬೆಳಿಗ್ಗೆ ನೋಡಿದರೆ ಪೆನ್ನಿನಲ್ಲಿ ರೀಫಿಲ್ ಇತ್ತು, ಕನ್ನಡಕ ಶುಭ್ರವಾಗಿತ್ತು, ಫ್ರಿಜ್ಜಿನಲ್ಲಿ ಕೊತ್ತಂಬರಿ ಒಂದು ಕಟ್ಟು ಮಿಕ್ಕಿತ್ತು. ತಪ್ಪಿಸಿಕೊಳ್ಳಲು ಬೇರೆ ದಾರಿ ಕಾಣದೆ ಬರೆಯುತ್ತಿದ್ದೇನೆ.

ಮೊದಲು ಬೆಂಚಿನ ವಿಚಾರ. ಬೆಂಚು ಎಂಬುದು ಎಷ್ಟು ವಿಚಿತ್ರವಾದ ವಸ್ತು ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ಶಾಲೆಯಲ್ಲಿ ಅದರ ಮೇಲೆ ನಿಲ್ಲಿಸುವುದು ಶಿಕ್ಷೆ, ಆಟದ ಮೈದಾನದಲ್ಲಿ ಅದರ ಮೇಲೆ ಕೂರಿಸುವುದು ಶಿಕ್ಷೆ. ಮೊದಲನೆಯದನ್ನು ನಾನು ಲೆಕ್ಕದ ಮೇಷ್ಟ್ರ ಕೃಪೆಯಿಂದ ಎಂಟನೇ ಕ್ಲಾಸಿನ ಉದ್ದಕ್ಕೂ ಅನುಭವಿಸಿದ್ದೇನೆ. ಕಾಲು ನೋಯುತ್ತದೆ, ಆದರೆ ಕಿಟಕಿಯಾಚೆ ಏನು ನಡೆಯುತ್ತಿದೆಯೆಂದು ಚೆನ್ನಾಗಿ ಕಾಣುತ್ತದೆ. ಎರಡನೆಯದರಲ್ಲಿ ಕಾಲಿಗೆ ನೋವಿಲ್ಲ. ಅದನ್ನು ನಾನು ಅನುಭವಿಸಿದವನಲ್ಲ, ವಿಧಿಸಿದವನು.

ಹುಣಸೂರಿನಂಥ ಊರಿನಲ್ಲಿ ಬ್ಯಾಸ್ಕೆಟ್‌ಬಾಲ್ ಎಂದರೆ ನೀವು ಹುಬ್ಬೇರಿಸಬಹುದು. ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಹೊಲದಲ್ಲಿ ಬೆಳೆದು, ಎಸ್ಸೆಸ್ಸೆಲ್ಸಿಯನ್ನು ಎರಡನೆಯ ಪ್ರಯತ್ನದಲ್ಲಿ ದಾಟಿ, ಸೊಪ್ಪಿನ ಅಂಟು ಕೈಬಿಟ್ಟರೆ ಸಾಕೆಂದು ಸೈನ್ಯಕ್ಕೆ ಸೇರಿದವನು ನಾನು. ಅಲ್ಲಿ ಯಾರೋ ನನ್ನ ಎತ್ತರ ನೋಡಿ ಕೈಗೆ ಚೆಂಡು ಕೊಟ್ಟರು. ಗುಂಡು ಹಾರಿಸಿದ್ದಕ್ಕಿಂತ ಚೆಂಡು ಹಾರಿಸಿದ್ದೇ ಹೆಚ್ಚು. ಪಿಂಚಣಿ ಹಿಡಿದು ಊರಿಗೆ ಬಂದ ಮೇಲೆ ಹುಣಸೂರಿನ ಕಾಲೇಜೊಂದರಲ್ಲಿ ಮೈದಾನ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಸುಣ್ಣದ ಗೆರೆ ಎಳೆಯುವುದು, ವಾಲಿಬಾಲ್ ಬಲೆ ಕಟ್ಟುವುದು, ಸಿಮೆಂಟಿನ ಅಂಕಣದಲ್ಲಿ ಅಕ್ಕಪಕ್ಕದವರು ಒಣಹಾಕಿದ ರಾಗಿಯನ್ನು ಜಗಳವಿಲ್ಲದೆ ತೆಗೆಸುವುದು. ಅಷ್ಟರಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರಿಗೆ ವರ್ಗವಾಯಿತು. ಹೊಸಬರು ಬರುವ ತನಕ ಎಂದು ಪ್ರಿನ್ಸಿಪಾಲರು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡವನ್ನು ಒಪ್ಪಿಸಿ ನನ್ನ ಕೊರಳಿಗೆ ಸೀಟಿ ಹಾಕಿದರು. ಹೊಸಬರು ಆರು ವರ್ಷ ಬರಲಿಲ್ಲ. ಸುಣ್ಣದ ಡಬ್ಬ ಹಿಡಿದಿದ್ದವನನ್ನು ಹುಡುಗಿಯರೆಲ್ಲ 'ಕೋಚ್ ಸಾರ್' ಎಂದು ಕರೆಯತೊಡಗಿದರೆ ಏನಾಗುತ್ತದೆಂದು ಕೇಳಬೇಡಿ. ಕನ್ನಡಿಯ ಮುಂದೆ ನಿಂತು ಸೀಟಿಯನ್ನು ಸರಿಮಾಡಿಕೊಳ್ಳುವ ಅಭ್ಯಾಸವಾಗುತ್ತದೆ.

ಆ ತಂಡದಲ್ಲಿ ಏಳನೇ ನಂಬರಿನ ಅಂಗಿ ತೊಡುತ್ತಿದ್ದವಳು ಹನಗೋಡಿನ ಕಡೆಯ ಹುಡುಗಿ. ಸೊಪ್ಪು ಬೆಳೆಯುವ ಮನೆಯವಳೇ. ಚೆಂಡು ಅವಳ ಕೈಗೆ ಬಂದರೆ ಸಂಜೆ ಕೊಟ್ಟಿಗೆಗೆ ಬಂದ ಹಸುವಿನ ಹಾಗೆ ಸುಮ್ಮನಾಗುತ್ತಿತ್ತು. ಮೈಸೂರಿನ ತಂಡಗಳು ನಮ್ಮನ್ನು ನೋಡಿ ನಗುವುದನ್ನು ನಿಲ್ಲಿಸಿದ್ದರೆ ಅದು ಅವಳಿಂದ. ಅವಳ ನಾಲಿಗೆಯೂ ಅವಳ ಕೈಯಷ್ಟೇ ಚುರುಕು. "ಸಾರ್ ಸೀಟಿ ಊದುದ್ರೆ ಮೈಸೂರ್ ಬಸ್ಸು ನಿಂತ್ಕಂಡ್ ಬುಡ್ತದೆ ಕಣ್ರೇ. ಮೆಲ್ಲುಕ್ ಊದಿ ಸಾರ್, ಪಾಪ, ಡ್ರೈವರ್‌ಗೆ ಗಾಬ್ರಿ ಆಯ್ತದೆ" ಎಂದು ಒಂದು ದಿನ ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಇನ್ನೊಂದು ದಿನ ನಾನು ಸೈನ್ಯದಲ್ಲಿ ಕಲಿತ ಪಾಸ್ ಒಂದನ್ನು ತೋರಿಸುತ್ತಿದ್ದಾಗ, "ಅದು ನಿಮ್ ಕಾಲ್ದಲ್ಲಿ ಸಾರ್. ಈಗ ಅಂಗ್ ಆಡುದ್ರೆ ಚೆಂಡು ಅವ್ರ ಮನೆ ಸೇರ್ಕತದೆ" ಎಂದು ತಾನು ಮೊಬೈಲಿನಲ್ಲಿ ನೋಡಿದ್ದನ್ನು ಮಾಡಿ ತೋರಿಸಿದಳು. ಅವಳು ಹೇಳಿದ್ದು ಸರಿಯಿತ್ತು. ಆ ಸಲ ಎಲ್ಲರೂ ನಕ್ಕರು, ನಾನು ನಗಲಿಲ್ಲ.

ಅವಳ ತಂದೆ ಒಮ್ಮೆ ಕಾಲೇಜಿಗೆ ಬಂದು ಅಂಕಣದ ಅಂಚಿನಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದರು. "ನಮ್ಮುಡ್ಗಿ ಯೂನಿವರ್ಸಿಟಿ ಟೀಮ್‌ಗೆ ಸೇರ್ಕಂಡ್ರೆ ಮುಂದುಕ್ ಓದ್ಸ್ತೀನಿ ಸಾರ್. ಸ್ಪೋರ್ಟ್ಸ್ ಕೋಟಾದಲ್ಲಿ ಕೆಲ್ಸ ಸಿಕ್ತದಂತಲ್ಲ. ಇಲ್ದಿದ್ರೆ ಒಂದ್ ಗಂಡು ನೋಡಿವ್ನಿ, ಈ ಸಲ ಸೊಪ್ಪು ಮುಗುದ್ ಮ್ಯಾಲೆ ಮದ್ವೆ ಮಾಡ್ಬುಡ್ತೀನಿ. ನೀವೇ ಕೈ ಹಿಡೀಬೇಕು" ಎಂದರು. ನಾನು ಸೀಟಿ ಮುಟ್ಟಿಕೊಂಡು, ಆಗಲಿ ನೋಡೋಣ ಎಂದೆ.

ಈಗ ನಿಮಗೆ ಸೊಪ್ಪಿನ ವಿಚಾರ ಸ್ವಲ್ಪ ಹೇಳಬೇಕು. ನಮ್ಮ ಸೀಮೆಯಲ್ಲಿ ಆಷಾಢ, ಶ್ರಾವಣವೆಂದರೆ ಹೊಗೆಸೊಪ್ಪು ಮುರಿಯುವ ಕಾಲ. ಮಳೆಗೋ ಇಬ್ಬನಿಗೋ ನೆನೆದ ಹಸಿ ಎಲೆಯನ್ನು ಮುರಿದು ಕಂಕುಳಲ್ಲಿ ಅವುಚಿಕೊಂಡು ಸಾಲು ಹಿಡಿದು ಸಾಗುವಾಗ ಅದರ ರಸ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ, ಕೈ ನಡುಗುತ್ತದೆ. ಆದರೆ ಸೊಪ್ಪಿನ ಮನೆಯವರು ಇದನ್ನು ಕಾಯಿಲೆ ಎಂದು ಒಪ್ಪುವುದಿಲ್ಲ. ಎಲೆ ಬೇಯಿಸುವ ಬ್ಯಾರನ್ನನ್ನು ಒಂದೇ ದಿನದಲ್ಲಿ ತುಂಬಬೇಕು, ಆದ್ದರಿಂದ ಅವತ್ತು ಮನೆಯಲ್ಲಿ ಯಾರಿಗೂ ರಜೆಯಿಲ್ಲ. ನಾನು ಎಳೆಯವನಾಗಿದ್ದಾಗ ಬದುವಿನ ಮೇಲೆ ವಾಂತಿ ಮಾಡುತ್ತ ಕೂತಿದ್ದರೆ ನಮ್ಮಪ್ಪ, "ಕಕ್ಕಂಡ್ಯಾ? ಆಯ್ತಲ್ಲ. ಬಾಯ್ ಮುಕ್ಕುಳುಸ್ಕಂಡು ಸಾಲ್ ಹಿಡಿ ಏಳ್ಲಾ" ಎಂದಿದ್ದರು. ಮಲಗಿಬಿಟ್ಟವರಿಗೆ 'ಮದ್ವೆ ಹೆಣ್ಣು' ಎಂಬ ಬಿರುದು ಸಿಗುತ್ತಿತ್ತು. ಮೈಸೂರಿನಿಂದ ಬಂದ ಮೇಷ್ಟ್ರೊಬ್ಬರು ನನ್ನ ಜಾಗದಲ್ಲಿ ಇದ್ದಿದ್ದರೆ ಏಳನೇ ನಂಬರಿನ ಹುಡುಗಿಯ ಬಿಳಿಚಿದ ಮುಖ ನೋಡಿ ಗಾಬರಿಯಿಂದ ಡಾಕ್ಟರ ಹತ್ತಿರ ಕಳಿಸುತ್ತಿದ್ದರು. ನನಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅದು ನನಗೆ ಏನೂ ಅನ್ನಿಸಲಿಲ್ಲ.

ಆ ವರ್ಷ ಕೂಲಿಯವರು ಸಿಗದೆ ಅವಳ ಮನೆಯವರೇ ಸೊಪ್ಪು ಮುರಿಯುತ್ತಿದ್ದರು. ಬೆಳಗಿನ ಜಾವ ಹೊಲ, ಆಮೇಲೆ ಬಸ್ಸು, ಆಮೇಲೆ ಅಂಕಣ. ಪಂದ್ಯಗಳು ಶುರುವಾದಾಗ ನಮ್ಮ ತಾರೆ ಮಂಕಾಗಿತ್ತು. ಸತತ ಮೂರು ಆಟಗಳಲ್ಲಿ ಅವಳ ಪಾಸ್ ಜಾರಿತು, ಎಸೆದ ಚೆಂಡು ಬುಟ್ಟಿಯನ್ನು ಮುಟ್ಟದೆ ಕೆಳಗೆ ಬಿತ್ತು. ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗದ ಅಂಟಿನಿಂದ ಚೆಂಡಿನ ಮೇಲೆ ಅವಳ ಬೆರಳಿನ ಕಪ್ಪು ಗುರುತು ಮೂಡುತ್ತಿತ್ತು. ಕೂರಿಸಬೇಕೋ ಆಡಿಸಬೇಕೋ ಎಂಬುದು ತಂಡದಲ್ಲಿ ದೊಡ್ಡ ಚರ್ಚೆಯಾಯಿತು. ನಾಯಕಿಯಾಗಿದ್ದ ಬಿಳಿಕೆರೆಯ ಹುಡುಗಿ ಗುಟ್ಟಾಗಿ ಬಂದು, "ಒಂದಾಟ ರೆಸ್ಟ್ ಕೊಡಿ ಸಾರ್, ಅವ್ಳಿಗ್ ಆಯ್ತಿಲ್ಲ" ಎಂದಳು. ಉಳಿದವರು, "ಅವ್ಳಿಲ್ದೆ ಎಂಗ್ ಸಾರ್? ಅವ್ಳು ಸುಮ್ನೆ ನಿಂತಿದ್ರೂ ಆ ಟೀಮ್‌ನೋರ್ ಇಬ್ರು ಅವ್ಳನ್ನೇ ಕಾಯ್ತಿರ್ತಾರೆ" ಎಂದರು. ಎರಡೂ ಮಾತಿನಲ್ಲಿ ನ್ಯಾಯವಿತ್ತು. ನಾನು ಗಡ್ಡ ಕೆರೆದುಕೊಂಡು ನ್ಯಾಯಾಧೀಶನಂತೆ ತೀರ್ಪು ಕಾಯ್ದಿರಿಸಿದೆ.

ಕೊನೆಯ ಪಂದ್ಯ ಕೃಷ್ಣರಾಜನಗರದಲ್ಲಿ. ವಿಶ್ವವಿದ್ಯಾಲಯದ ತಂಡಕ್ಕೆ ಆರಿಸುವ ಮೇಡಂ ಅವತ್ತು ಬರುವವರಿದ್ದರು. ಉಳಿದವರೆಲ್ಲ ನನ್ನ ಜೊತೆ ವ್ಯಾನಿನಲ್ಲಿ ಬಂದರು. ಅವಳ ಮನೆಯಲ್ಲಿ ಅವತ್ತೇ ಬ್ಯಾರನ್ ತುಂಬುವ ದಿನ. ಅವಳು ತನ್ನ ಪಾಲಿನ ಸಾಲುಗಳನ್ನು ಮುಗಿಸಿ, ಹನಗೋಡಿನಿಂದ ಹುಣಸೂರಿಗೆ, ಅಲ್ಲಿಂದ ಬಿಳಿಕೆರೆಗೆ, ಅಲ್ಲಿಂದ ಕೃಷ್ಣರಾಜನಗರಕ್ಕೆ ಮೂರು ಬಸ್ಸು ಹತ್ತಿಳಿದು, ಆಟಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ಬಂದು ನಿಂತಳು. ಮುಖ ಬಿಳಿಚಿಕೊಂಡಿತ್ತು. ಗೋಡೆಯ ಹಿಂದೆ ಹೋಗಿ ವಾಂತಿ ಮಾಡಿ, ಬಾಯಿ ತೊಳೆದುಕೊಂಡು ಬಂದು, "ಸೊಪ್ಪು ಸಾರ್, ಇನ್ನೇನಿಲ್ಲ. ಒಂದ್ ಸ್ವಲ್ಪ ಹೊತ್ತು ಬುಡಿ, ಸರಿಹೋಯ್ತೀನಿ" ಎಂದಳು.

ಎದುರಾಳಿ ತಂಡದವರೂ ಇದ್ದರು, ಊರಿನ ನಾಲ್ಕು ಜನರೂ ಇದ್ದರು. ನಾನು ಎಲ್ಲರಿಗೂ ಕೇಳುವಂತೆ, "ಸೊಪ್ಪು ಮುರಿಯೋರು ಹೊಲದಲ್ಲಿರ್ಬೇಕು, ಚೆಂಡು ಹಿಡಿಯೋರು ಇಲ್ಲಿಗ್ ಬರ್ಬೇಕು. ಕೂತ್ಕೊ ಹೋಗು, ಮದ್ವೆ ಹೆಣ್ಣು" ಎಂದೆ. ಯಾರೋ ಕಿಸಕ್ಕೆಂದರು. ಅವಳು ಹೋಗಿ ಬೆಂಚಿನ ಮೇಲೆ ಕೂತಳು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇಂದು ಕೊತ್ತಂಬರಿ ತರಲು ಹೋಗಿರುತ್ತಿದ್ದೆ. ಕಷ್ಟವಿರುವುದು ಮುಂದಿನದರಲ್ಲಿ. ಅರ್ಧ ಆಟ ಮುಗಿಯುವಷ್ಟರಲ್ಲಿ ಅವಳ ಮುಖಕ್ಕೆ ಬಣ್ಣ ಬಂದಿತ್ತು. ಎದ್ದು ನಿಂತಳು, ಶೂ ದಾರ ಬಿಗಿದುಕೊಂಡಳು, ನನ್ನತ್ತ ನೋಡಿದಳು. ನಾನು ಅಂಕಣ ನೋಡಿದೆ. ಕೊನೆಯ ಟೈಮ್ ಔಟ್‌ನಲ್ಲಿ ನಾಯಕಿ ಏದುಸಿರು ಬಿಡುತ್ತ ಬಂದು, "ಸಾರ್, ಅವ್ಳು ಸರಿಹೋಗವ್ಳೆ. ನಾವ್ ಎಂಗೂ ಹದಿನೈದು ಪಾಯಿಂಟ್ ಮುಂದಿದೀವಿ. ಐದ್ ನಿಮ್ಸನಾದ್ರೂ ಇಳುಸಿ, ಮೇಡಂ ನೋಡ್ಲಿ" ಎಂದಳು.

"ಕೋಚ್ ಯಾರಮ್ಮ? ನೀನಾ, ನಾನಾ?"

ಗಮನಿಸಿದಿರಾ? ಸೋಲುವ ಭಯವಿರಲಿಲ್ಲ. ಅವಳನ್ನು ಇಳಿಸಿದ್ದರೆ ಕಳೆದುಕೊಳ್ಳುವಂಥದ್ದೇನೂ ತಂಡಕ್ಕಿರಲಿಲ್ಲ. ಅಂದು ಆಡುತ್ತಿದ್ದದ್ದು ನನ್ನ ಹಳೆಯ ಪಾಸ್ ಮತ್ತು ಅದನ್ನು ನೋಡಿ ಎದ್ದ ನಗು. ಅವಳು ಮೂರು ಸಲ ಎದ್ದು, ಮೂರು ಸಲ ಕೂತಳು.

ಗೆದ್ದೆವು. ಜನ ಚಪ್ಪಾಳೆ ತಟ್ಟುತ್ತಿರುವಾಗ ಆ ಮೇಡಂ ನನ್ನ ಬಳಿ ಬಂದು, "ಏಳನೇ ನಂಬರ್ ಹುಡುಗೀನ ನೋಡೋಣ ಅಂತಲೇ ಬಂದೆ. ಆಡಲೇ ಇಲ್ಲವಲ್ಲ, ಏನಾಗಿದೆ?" ಎಂದು ಕೇಳಿದರು. 'ಹುಷಾರಿಲ್ಲ' ಎಂಬ ಒಂದು ಪದ ಸಾಕಿತ್ತು. ಅವರು ಇನ್ನೊಂದು ದಿನ ಕರೆದು ನೋಡುತ್ತಿದ್ದರು. ನಾನು, "ಶಿಸ್ತಿಲ್ಲ ಮೇಡಂ" ಎಂದೆ. ಅವರು ತಲೆಯಾಡಿಸಿ ಕಾಗದದ ಮೇಲೆ ಒಂದು ಗೆರೆ ಎಳೆದರು. ತಿರುಗಿ ನೋಡಿದರೆ ಅವಳು ನನ್ನ ಹಿಂದೆಯೇ ಬಗ್ಗಿ ನೀರಿನ ಬಾಟಲಿಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ತುಂಬುವುದನ್ನು ನಿಲ್ಲಿಸಲಿಲ್ಲ.

ಕಾಲೇಜಿನಲ್ಲಿ ನನಗೆ ಶಾಲು ಹೊದಿಸಿದರು. ತಾರೆಯನ್ನೇ ಕೂರಿಸಿ ಗೆದ್ದ ಧೀರನೆಂದು ಪ್ರಿನ್ಸಿಪಾಲರು ಹೊಗಳಿದರು. ತಪ್ಪು ಮಾಡಿ ಸೋತವನಿಗೆ ತಿದ್ದಿಕೊಳ್ಳುವ ಅವಕಾಶವಾದರೂ ಇರುತ್ತದೆ. ತಪ್ಪು ಮಾಡಿ ಗೆದ್ದವನ ಗತಿ ಬೇರೆ, ಅವನಿಗೆ ಶಾಲು ಹೊದಿಸಿಬಿಡುತ್ತಾರೆ. ಅವಳು ಆಮೇಲೆ ನಾಲ್ಕು ದಿನ ಬಂದಳು, ಐದನೆಯ ದಿನ ಬರಲಿಲ್ಲ. ಒಗೆದು ಮಡಿಸಿದ ಏಳನೇ ನಂಬರಿನ ಅಂಗಿಯನ್ನು ನಾಯಕಿ ತಂದುಕೊಟ್ಟಳು. ಸೊಪ್ಪಿನ ಕಾಲ ಮುಗಿದ ಮೇಲೆ ಮದುವೆಯ ಕಾಗದ ಬಂತು. ಅಂದು ನನಗೆ ಮಂಡಿನೋವು ಎಂದು ಮನೆಯಲ್ಲಿ ಹೇಳಿದೆ. ಮಂಡಿ ನಿಜಕ್ಕೂ ನೋಯತೊಡಗಿದ್ದು ಅದಾಗಿ ಎರಡು ವರ್ಷದ ಮೇಲೆ.

ಹೋದ ಶ್ರಾವಣದಲ್ಲಿ ಧೈರ್ಯ ಮಾಡಿ ಹನಗೋಡಿನ ಬಸ್ಸು ಹತ್ತಿದೆ. ಅವಳನ್ನು ಕೊಟ್ಟ ಮನೆಯೂ ಅಲ್ಲೇ ಹತ್ತಿರ. ಹೊಲದಲ್ಲೇ ಸಿಕ್ಕಳು. ಸೆರಗು ಬಿಗಿದು ಏಳೆಂಟು ಹೆಂಗಸರನ್ನು ಕರೆದುಕೊಂಡು ಸೊಪ್ಪು ಮುರಿಸುತ್ತಿದ್ದಳು. "ಅಯ್ಯೋ, ಕೋಚ್ ಸಾರ್! ಏನ್ ಇಷ್ಟ್ ದೂರ ಬಂದ್ಬುಟ್ರಿ?" ಎಂದಳು. "ಸುಮ್ನೆ, ಈ ಕಡೆ ಬಂದಿದ್ದೆ ಕಣಮ್ಮ" ಎಂದೆ. ಆ ಕಡೆಗೆ ಸುಮ್ಮನೆ ಯಾರೂ ಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕಲ್ಲಿನ ಮೇಲೆ ಟವೆಲು ಹಾಸಿ ಕೂರಿಸಿ, ಟೀ ತರಿಸಿದಳು.

ಅಷ್ಟರಲ್ಲಿ ಕೆಲಸಕ್ಕೆ ಬಂದಿದ್ದ ಹೆಂಗಸೊಬ್ಬಳು ಸಾಲಿನ ನಡುವೆ ತಲೆ ಹಿಡಿದುಕೊಂಡು ಕುಸಿದಳು. "ಏನೂ ಇಲ್ಲ ಕಣವ್ವ, ಮುರೀತೀನಿ, ಮುರೀತೀನಿ" ಎನ್ನುತ್ತ ಏಳಲು ಹೋದವಳನ್ನು ಇವಳು ತೋಳು ಹಿಡಿದು ನೆರಳಿಗೆ ತಂದಳು. ಕೈ ತೊಳೆಸಿ, ಒದ್ದೆ ಬಟ್ಟೆ ಬದಲಿಸಲು ಒಣ ಸೀರೆ ಕೊಟ್ಟು, "ಕೂತ್ಕಳಕ್ಕ. ಸಾಲು ಎಲ್ಲೂ ಓಡೋಗಕಿಲ್ಲ" ಎಂದಳು. ನಾನು ಟೀ ಕುಡಿದು, ಎಲೆಯಡಿಕೆ ಹಾಕಿಕೊಂಡು, ಅದೂ ಇದೂ ಮಾತಾಡುತ್ತ ಬಹಳ ಹೊತ್ತು ಕೂತಿದ್ದೆ. ಆಮೇಲೆ ಅವಳು ನೆರಳಿನತ್ತ ತಿರುಗಿ, "ಎಂಗಿದ್ದೀಯಕ್ಕ? ಬತ್ತೀಯಾ?" ಎಂದು ಕೂಗಿದಳು. ಆ ಹೆಂಗಸು ಎದ್ದು ಬಂದಳು. ಅವಳು ಬಿಟ್ಟುಹೋದ ಸಾಲನ್ನು ಬೇರೆ ಯಾರಿಗೂ ಕೊಟ್ಟಿರಲಿಲ್ಲ. ಅದು ಎಲೆ ಹೊತ್ತು ಹಾಗೆಯೇ ನಿಂತಿತ್ತು.

ಕೂರಿಸಬೇಕೋ ಬೇಡವೋ ಎಂದು ನಾನು ಅಷ್ಟೆಲ್ಲ ಗಡ್ಡ ಕೆರೆದುಕೊಂಡಿದ್ದೆ. ಕೂರಿಸಿದ್ದು ತಪ್ಪೇ ಆಗಿರಲಿಲ್ಲ. ಎದ್ದು ನಿಂತವಳಿಗೆ ಅವಳ ಜಾಗ ಬಿಟ್ಟುಕೊಡದೆ ಹೋದೆನಲ್ಲ, ತಪ್ಪಿದ್ದದ್ದು ಅಲ್ಲಿ. ಇದನ್ನೇ ಹೇಳಬೇಕೆಂದು ಬಾಯಿ ತೆರೆದೆ. ಅವಳೂ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟು ಕಾದಳು. ಬಾಯಿಂದ ಬಂದದ್ದು, "ಈ ಸಲ ಸೊಪ್ಪು ಎಂಗಮ್ಮ?"

"ಪರ್ವಾಗಿಲ್ಲ ಸಾರ್" ಎಂದು ಎಲೆ ಎತ್ತಿಕೊಂಡಳು.

ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ. ಹೊತ್ತಾಗಿರಲಿಲ್ಲ, ಒಂದು ಗಂಟೆ ನಿಲ್ದಾಣದಲ್ಲಿ ಕೂತಿದ್ದೆ. ಓದುಗರೇ, ನಿಮಗೆ ಹೇಳಿದರೆ ಅವಳಿಗೆ ಹೇಳಿದಂತಾಗುವುದಿಲ್ಲ, ಅಷ್ಟು ಲೆಕ್ಕ ನನಗೂ ಬರುತ್ತದೆ. ಆದರೂ ನಾಲ್ಕು ಜನರ ನಡುವೆ ಆಡಿದ ಸುಳ್ಳನ್ನು ನಾಲ್ಕು ಜನರ ನಡುವೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಬೆಳಗಿನ ಜಾವ ಎದ್ದು ಮನೆಯ ಸಾಲು ಮುಗಿಸಿ, ನಡುಗುವ ಕೈಯಲ್ಲಿ ಶೂ ಚೀಲ ಹಿಡಿದು, ಮೂರು ಬಸ್ಸು ಬದಲಿಸಿ, ಆಟಕ್ಕೆ ಹತ್ತು ನಿಮಿಷ ಮುಂಚೆ ಬಂದು ನಿಂತ ಹುಡುಗಿಯಲ್ಲಿ ಶಿಸ್ತಿರಲಿಲ್ಲವೆಂದು ನಾನು ಹೇಳಿದ್ದು ಸುಳ್ಳು. ಅವಳ ಹೆಸರು ಸುನಂದಾ.